ಕೆಸಿನ ಎಲೆ ಮತ್ತು ಕಾಗದದ ಮೆಷಿನ್ನು

ಬಾಯಿ ಜೋರಿರುವ ಹೆಂಗಸಿಗೆ ಒಂದು ಅನುಕೂಲವಿದೆ. ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ಇದ್ದದ್ದನ್ನೆಲ್ಲ ಹೇಳಿಬಿಡುತ್ತಾಳೆ ಎಂದು ಊರು ನಂಬಿರುತ್ತದೆ. ಹಾಗಾಗಿ ಅವಳು ಎಂದಾದರೂ ಸುಮ್ಮನೆ ಕೂತರೆ, ಪಾಪ, ಅವಳಿಗೆ ಗೊತ್ತಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ನಾನು ಅರವತ್ತೆಂಟು ವರ್ಷ ಬಾಯಿ ಮಾಡಿ ಸಂಪಾದಿಸಿದ ಈ ಹೆಸರನ್ನು ಒಂದು ಮಧ್ಯಾಹ್ನ ಕೆಟ್ಟದ್ದಕ್ಕೆ ಬಳಸಿಕೊಂಡೆ. ಅದನ್ನು ನೆನೆದರೆ ಈಗಲೂ ಸೆರಗು ಮುಖಕ್ಕೆ ಎಳೆದುಕೊಳ್ಳೋಣ ಅನ್ನಿಸುತ್ತದೆ. ಮೂರನೇ ಕ್ಲಾಸು ಓದಿದವಳು ಬರೆಯಲು ಕೂತಿರುವುದು ಈ ನಾಚಿಕೆಯ ಭಾರ ತಡೆಯಲಾರದೆ, ಬೇರೆ ಏನೂ ಕಾರಣವಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಹಬೀಬ್ ಸಾಹೇಬರ ಸಣ್ಣ ಆಫೀಸಿದೆ. ಅವರು ಜನರಿಗೆ ಕ್ರಯಪತ್ರ, ಕರಾರು, ಅರ್ಜಿ ಬರೆದುಕೊಡುವವರು. ನಾನು ಅಲ್ಲಿ ಕಸ ಗುಡಿಸುತ್ತೇನೆ, ಟೀ ಕಾಯಿಸುತ್ತೇನೆ, ಅದೇ ಒಲೆಯಲ್ಲಿ ಮಧ್ಯಾಹ್ನದ ನನ್ನ ಗಂಜಿಯನ್ನೂ ಬೇಯಿಸಿಕೊಳ್ಳುತ್ತೇನೆ, ಸಾಹೇಬರು ಇಲ್ಲದಾಗ ಬಂದವರನ್ನು ಗದರಿಸಿ ಬೆಂಚಿನ ಮೇಲೆ ಕೂರಿಸುತ್ತೇನೆ. ಟೈಪು ಮಾಡುವುದಕ್ಕೆ ವನಜ ಇದ್ದಾಳೆ. ನಲವತ್ತು ದಾಟಿದವಳು, ಬಾಳೆಹೊನ್ನೂರಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಅವಳ ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ, ಆ ಮನೆಯ ಒಲೆ ಉರಿಯುವುದು ಇವಳ ಸಂಬಳದಲ್ಲಿ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಮುಂದೆ ಹೇಳುತ್ತೇನೆ. ನನಗೂ ಅವಳಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ನನ್ನ ಟೀಗೆ ಅವಳು "ಚಿನ್ನಕ್ಕ, ಇದು ಟೀಯಾ, ಇಲ್ಲ ಲೋಟ ತೊಳೆದ ನೀರಾ?" ಎನ್ನುತ್ತಾಳೆ. "ಕುಡಿಯೋ ಬಾಯಿ ಸರಿ ಇದ್ರೆ ಟೀನೂ ಸರಿ ಇರ್ತದೆ" ಎಂದು ನಾನು ಹೇಳುತ್ತೇನೆ. ಹೀಗೆ ಆರು ವರ್ಷದಿಂದ ನಡೆದಿದೆ.

ಸಾಹೇಬರಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ. ಇರುವ ಒಂದೇ ಚಟ ಫೋನಿನಲ್ಲಿ ಹುಡುಕಿ ಹುಡುಕಿ ಏನಾದರೊಂದು ಸಾಮಾನು ತರಿಸುವುದು. ಒಂದು ಸಾರಿ ಬೀಗದ ಕೈಗೆ ಕಟ್ಟುವ ಗುಂಡಿ ಬಂತು. ಬೀಗದ ಕೈ ಎಲ್ಲಿದೆ ಎಂದು ಮರೆತರೆ ಸೀಟಿ ಹೊಡೆಯಬೇಕಂತೆ, ಅದು ಕೀಂ ಕೀಂ ಎಂದು ಕೂಗಿ ಇರುವ ಜಾಗ ಹೇಳುತ್ತದಂತೆ. ಬಸ್‌ಸ್ಟ್ಯಾಂಡಿನ ಪಕ್ಕ ಆಫೀಸು ಇಟ್ಟುಕೊಂಡವರು ತರಿಸುವ ಸಾಮಾನಾ ಅದು? ಶೃಂಗೇರಿ ಬಸ್ಸಿನ ಕಂಡಕ್ಟರ್ ಸೀಟಿ ಹೊಡೆದರೂ ಸಾಹೇಬರ ಜೇಬು ಕೂಗಿತು, ಎನ್.ಆರ್. ಪುರದ ಬಸ್ಸನ್ನು ಸೀಟಿ ಊದಿ ಹಿಂದಕ್ಕೆ ತೆಗೆಸುವಾಗಲೂ ಕೂಗಿತು. ಶುಕ್ರವಾರ ನಮಾಜಿಗೆ ಹೋಗುವಾಗ ಅದನ್ನು ನನ್ನ ಕೈಗೆ ಕೊಟ್ಟು, "ಚಿನ್ನಮ್ಮ, ಇದನ್ನ ಅಕ್ಕಿ ಡಬ್ಬದಲ್ಲಿ ಹುಗಿದಿಡಿ ಮಾರಾಯ್ರೆ" ಎಂದು ಕೈ ಮುಗಿದರು. ಆಮೇಲೆ ಟೀ ಲೋಟ ಬಿಸಿ ಇಡುವ ಕರೆಂಟಿನ ತಟ್ಟೆ ಬಂತು. ಅದರ ಮೇಲೆ ಸಾಹೇಬರ ಲೋಟ ಕೂತದ್ದು ಎರಡು ದಿನ. ಆಷಾಢದ ಥಂಡಿಗೆ ನೀರಾಗುವ ಉಪ್ಪಿನ ಭರಣಿಯನ್ನು ನಾನು ಅಲ್ಲಿ ಕೂರಿಸಿದೆ, ಈಗಲೂ ಅಲ್ಲೇ ಇದೆ. ಯಂತ್ರಗಳನ್ನು ಬೈಯುತ್ತಲೇ ಹೀಗೆ ಒಂದೊಂದನ್ನೇ ನನ್ನ ಕಡೆ ಎಳೆದುಕೊಳ್ಳುವ ಬುದ್ಧಿ ನನಗಿದೆ. ಅದೇ ಕೊನೆಗೆ ಮುಖಕ್ಕೆ ಬಡಿಯಿತು.

ಮೂರನೆಯದಾಗಿ ಬಂದದ್ದು ಕಾಗದ ಕತ್ತರಿಸುವ ಮೆಷಿನ್ನು. ಯಾರೋ ಒಬ್ಬರು ಕಡಲೆಕಾಯಿ ಕೊಂಡಾಗ ಪೊಟ್ಟಣ ಬಿಚ್ಚಿ ನೋಡಿದರೆ ಅವರದೇ ಆಧಾರ್ ಕಾರ್ಡಿನ ಜೆರಾಕ್ಸು! ನಮ್ಮ ಆಫೀಸಿನ ರದ್ದಿಯಿಂದ ಹೋದದ್ದು. ಸಾಹೇಬರಿಗೆ ಬಹಳ ಅವಮಾನವಾಯಿತು. ಮೆಷಿನ್ನು ಬಂದ ದಿನ ನಾವೆಲ್ಲ ಸುತ್ತ ನಿಂತು ನೋಡಿದೆವು. ಮೇಲಿನ ಸೀಳಿನಲ್ಲಿ ಹಾಳೆ ಇಟ್ಟರೆ ಗುರ್ ಎಂದು ಎಳೆದುಕೊಂಡು, ಶಾವಿಗೆ ಒರಳಿನಿಂದ ಇಳಿದ ಹಾಗೆ ಸಣ್ಣ ಎಳೆಗಳನ್ನು ಕೆಳಗಿನ ಬುಟ್ಟಿಗೆ ಇಳಿಸಿತು. "ಇದನ್ನ ವನಜ ಒಬ್ಳೇ ಮುಟ್ಟದು. ಚಿನ್ನಮ್ಮ, ನೀವು ಹತ್ರ ಬರಬೇಡಿ" ಎಂದರು ಸಾಹೇಬರು. ವನಜ ನನ್ನ ಕಡೆ ನೋಡಿ ಕಿಸಕ್ಕೆಂದಳು. ಆ ಕಿಸಕ್ಕು ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಪ್ರತಿ ಆಷಾಢದಲ್ಲಿ ಒಂದು ದಿನ ನಾನು ಆಫೀಸಿಗೆ ಪತ್ರೊಡೆ ಮಾಡಿ ತರುವುದು ಪದ್ಧತಿ. ನಮ್ಮ ಮನೆಯ ಪತ್ರೊಡೆಗೆ ಕೆಸಿನ ಎಲೆ ಸುತ್ತುವುದಿಲ್ಲ. ಎಲೆಯನ್ನು ಕೂದಲೆಳೆಯ ಹಾಗೆ ಹೆಚ್ಚಿ, ಹುಳಿ ಖಾರ ಹಾಕಿ ರುಬ್ಬಿದ ಅಕ್ಕಿ ಹಿಟ್ಟಿಗೆ ಕಲಸಿ, ಬಾಳೆಲೆಯಲ್ಲಿ ಮಡಚಿ ಬೇಯಿಸಿ ಒಗ್ಗರಣೆ ಹಾಕುವುದು. ಹೆಚ್ಚುವುದೇ ಕಷ್ಟ. ಎರಡು ವರ್ಷದಿಂದ ನನ್ನ ಹೆಬ್ಬೆರಳಿನ ಗಂಟು ಊದಿಕೊಂಡು ಚೂರಿ ನಿಲ್ಲುವುದಿಲ್ಲ. ಆ ದಿನ ಬೆಳಿಗ್ಗೆ ದಾರಿಯಲ್ಲಿ ಒಳ್ಳೆಯ ಎಲೆ ಸಿಕ್ಕಿತು, ಒಂದು ಕಟ್ಟು ತಂದು ಟೀ ಒಲೆಯ ಪಕ್ಕ ಇಟ್ಟಿದ್ದೆ. ಮಧ್ಯಾಹ್ನ ಸಾಹೇಬರು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋದರು, ವನಜ ಊಟಕ್ಕೆ ಹೋದಳು. ಆಫೀಸಿನಲ್ಲಿ ಉಳಿದದ್ದು ನಾನು, ಕೆಸಿನ ಎಲೆ ಮತ್ತು ಮೆಷಿನ್ನು. ಉಳಿದದ್ದನ್ನು ನೀವೇ ಊಹಿಸಬಹುದು.

ನಾನು ಹೊಲಸು ಹೆಂಗಸಲ್ಲ. ಬುಟ್ಟಿ ತೊಳೆದು, ಒರೆಸಿ, ಒಳಗೆ ಬಾಳೆಲೆ ಹಾಸಿದೆ. ಕೆಸು ತುರಿಸುತ್ತದೆಂದು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೆ. ನಾರು ತೆಗೆದು ಒಂದೊಂದೇ ಎಲೆ ಇಟ್ಟೆ. ಅಯ್ಯೋ, ಎಂಥ ಚಂದ ಇಳಿಯಿತು! ನಮ್ಮ ಅತ್ತೆ ಬದುಕಿದ್ದರೆ ಆ ಹೆಚ್ಚುವಿಕೆಯನ್ನು ನೋಡಿಯಾದರೂ ನನ್ನನ್ನು ಒಂದು ಸಾರಿ ಹೊಗಳುತ್ತಿದ್ದರು. ಹದಿನೈದು ಎಲೆ ಆಗುವಷ್ಟರಲ್ಲಿ ಮೆಷಿನ್ನಿನ ಗಂಟಲು ಕಟ್ಟಿತು. ಹಲ್ಲಿನ ತುಂಬ ಹಸಿರು ಅಂಟು. ಒರಳಿನಲ್ಲಿ ಮಸಾಲೆ ರುಬ್ಬಿದ ಮೇಲೆ ಕಲ್ಲಿಗೆ ಅಂಟಿದ್ದನ್ನು ತೆಗೆಯಲು ಏನು ಮಾಡುತ್ತೇವೆ? ಕೊನೆಗೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸುತ್ತೇವೆ. ಇದು ಅಕ್ಕಿ ತಿನ್ನುವ ಒರಳಲ್ಲ, ಕಾಗದ ತಿನ್ನುವುದು. ಹಾಗಾಗಿ ಒಂದು ಕಾಗದ ಹಾಕೋಣ ಎಂದುಕೊಂಡೆ.

ವನಜನ ಮೇಜಿನ ಮೇಲೆ ಕಾಗದ ಬೇಕಾದಷ್ಟಿದ್ದವು. ಬೆಳ್ಳಗೆ, ಗರಿಗರಿಯಾಗಿ, ಸೀಲು ಹೊಡೆದವು. ಅವನ್ನು ಮುಟ್ಟಬಾರದು ಎಂಬಷ್ಟು ಬುದ್ಧಿ ನನಗಿದೆ. ಎಲ್ಲಕ್ಕಿಂತ ಹಾಳಾದದ್ದನ್ನು ಹುಡುಕಿದೆ. ಒಂದು ಹಳದಿ ಹಾಳೆ ಸಿಕ್ಕಿತು. ಮಡಿಕೆಯಲ್ಲಿ ಹರಿದು, ಮೂಲೆ ಹುಳ ತಿಂದು, ಎಣ್ಣೆಯ ಕಲೆಯಾಗಿ, ಒಂದಕ್ಕೊಂದು ಸುತ್ತಿಕೊಂಡ ಅಕ್ಷರಗಳು. ಬರೆದವನಿಗೂ ಓದಲು ಬರುವುದಿಲ್ಲ ಅನ್ನುವ ಹಾಗಿತ್ತು. ಇದಕ್ಕಿಂತ ರದ್ದಿ ಇನ್ನೊಂದಿಲ್ಲ ಎಂದು ಮೆಷಿನ್ನಿಗೆ ಕೊಟ್ಟೆ. ಹಲ್ಲು ಸ್ವಚ್ಛವಾಯಿತು. ಕಾಗದದ ಎಳೆಯ ಜೊತೆ ಉದುರಿದ ಸೊಪ್ಪನ್ನೂ ಬಿಡದೆ ಹೆಕ್ಕಿ ನನ್ನ ಸ್ಟೀಲಿನ ಡಬ್ಬಕ್ಕೆ ಹಾಕಿದೆ. ಕಾಗದದ ಎಳೆಗಳನ್ನು ಬುಟ್ಟಿಯಲ್ಲೇ ಬಿಟ್ಟು, ಬಾಳೆಲೆ ಮಾತ್ರ ಎಳೆದು ಬಿಸಾಡಿ, ಏನೂ ಆಗದವಳ ಹಾಗೆ ಟೀಗೆ ನೀರಿಟ್ಟೆ.

ಮೂರು ಗಂಟೆಗೆ ಕೆರೆಕಟ್ಟೆಯ ದೇವಯ್ಯ ಬಂದರು, ಹಿಂದೆಯೇ ಸಾಹೇಬರು. ದೇವಯ್ಯ ನನ್ನದೇ ಪ್ರಾಯದ ರೈತ. "ಎಂತ, ನನ್ನ ಪಾಲುಪಟ್ಟಿ ನೋಡಿ ಬರೆದಾಯ್ತಾ?" ಎಂದು ಕೇಳಿದರು. ಅವರ ಅಜ್ಜನ ಕಾಲದಲ್ಲಿ ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡು ಬರೆದಿಟ್ಟ ಕಾಗದ ಅದು. ರಿಜಿಸ್ಟರ್ ಆದದ್ದಲ್ಲ, ಇನ್ನೊಂದು ಪ್ರತಿ ಲೋಕದಲ್ಲಿಲ್ಲ. ವನಜ ಅರ್ಧ ಟೈಪು ಮಾಡಿ ಊಟಕ್ಕೆ ಹೋಗಿದ್ದಳಂತೆ. ವಾಪಸು ಬಂದವಳು ಮೇಜು ಹುಡುಕಿದಳು, ಡ್ರಾಯರ್ ಹುಡುಕಿದಳು. ಬುಟ್ಟಿಗೆ ಕೈ ಹಾಕಿದವಳು ಹಳದಿ ಎಳೆಗಳನ್ನು ಹಿಡಿದುಕೊಂಡು ನಿಂತುಬಿಟ್ಟಳು.

"ನಮ್ಮಪ್ಪ, ಚಿಕ್ಕಪ್ಪ ದೊಣ್ಣೆ ಹಿಡ್ಕಂಡು ಬಡಿದಾಡಿದ್ರು ಮಾರಾಯ್ರೆ" ಎಂದರು ದೇವಯ್ಯ, ನಿಧಾನವಾಗಿ. "ಆಗ್ಲೂ ಈ ಕಾಗದಕ್ಕೆ ಯಾರೂ ಕೈ ಹಚ್ಚಿರ್ಲಿಲ್ಲ."

ಸಾಹೇಬರು ಕೂಗಾಡುವವರಲ್ಲ. ಅಂದೂ ಕೂಗಲಿಲ್ಲ. "ಮೆಷಿನ್ನು ಮುಟ್ಟೋಳು ನೀನೊಬ್ಳೇ ವನಜ. ರದ್ದಿ ಜೊತೆ ಇದನ್ನೂ ಹಾಕಿದೀಯ. ನಾಳೆಯಿಂದ ಬರದು ಬೇಡ" ಎಂದರು.

"ನಾನು ಹಾಕಿಲ್ಲ ಸಾರ್. ಹಾಕಿದ ನೆನಪೇ ಇಲ್ಲ" ಎಂದಳು ವನಜ. ಎರಡನೇ ಸಾರಿ ಹೇಳುವಾಗ ಅವಳಿಗೇ ಅನುಮಾನ ಬಂದಂತಿತ್ತು. "ಹಾಕಿದ್ನೇನೋ..."

ಆಗ ನಾನು ಹೇಳಬೇಕಿತ್ತು. ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಸಾಹೇಬರು ಒಂದು ಎಳೆಯನ್ನು ಬೆಳಕಿಗೆ ಹಿಡಿದು, "ಇದೆಂತ ಇದು, ಹಸಿರು?" ಎಂದರು. ತೆರೆದ ಬಾಯಿಯಿಂದ ಬಂದದ್ದು ಇಷ್ಟು: "ಹಳೇ ಮಸಿ ಸಾಹೇಬ್ರೆ. ಬಣ್ಣ ಬಿಡ್ತದೆ."

ನಾಲ್ವರೂ ನೆಲದ ಮೇಲೆ ಕೂತು ಎಳೆಗೆ ಎಳೆ ಜೋಡಿಸಿ ರಟ್ಟಿನ ಮೇಲೆ ಅಂಟಿಸತೊಡಗಿದೆವು. ಹತ್ತು ನಿಮಿಷಕ್ಕೆ ಸಾಹೇಬರು ಗಡ್ಡ ಕೆರೆದುಕೊಂಡರು. ದೇವಯ್ಯ ಬೆರಳ ಸಂದು ಉಜ್ಜಿದರು. ವನಜ ಕಣ್ಣೀರು ಒರೆಸಿದ ಕೈಯಲ್ಲೇ ಕುತ್ತಿಗೆ ಕೆರೆದು, ಕೆನ್ನೆ ಕೆರೆದು, ಮುಖವೆಲ್ಲ ಕೆಂಪಗೆ ದದ್ದೆದ್ದಿತು. "ಹೆದರಿಕೆಗೆ ಮೈಯೆಲ್ಲ ತುರಿಸ್ತಿದೆ ಚಿನ್ನಕ್ಕ" ಎಂದಳು. "ಮನೇಲಿ ಎಂತ ಹೇಳದು ನಾನು? ನಾಳೆ ಬಸ್ಸು ಹತ್ತದು ಬೇಡ ಅಂದ್ರು ಅಂತಾನಾ?" ಆರು ವರ್ಷದಲ್ಲಿ ಅವಳು ನನ್ನ ಹತ್ತಿರ ಕೊಂಕಿಲ್ಲದೆ ಆಡಿದ ಮೊದಲ ಮಾತು ಅದು. ನನ್ನ ಚೀಲದಲ್ಲಿ ಪತ್ರೊಡೆಗೆಂದು ಕೊಂಡ ಹುಣಸೆಹಣ್ಣಿತ್ತು. ಎದ್ದು ಹೋಗಿ ಒಂದು ಉಂಡೆ ನೀರಿನಲ್ಲಿ ಕಿವುಚಿ ಅವಳ ಮುಂದೆ ಇಟ್ಟೆ. "ಇದನ್ನ ತಿಕ್ಕು. ಈಗ ಇಳೀತದೆ."

ದೇವಯ್ಯ ತಲೆ ಎತ್ತಿದರು. "ಹುಣಸೆಹುಳಿ ತಿಕ್ಕದು ಕೆಸಿನ ತುರಿಕೆಗಲ್ದಾ?" ಎಂದರು. ಕೈಯಲ್ಲಿದ್ದ ಎಳೆಯನ್ನು ಮೂಸಿದರು. ಆಮೇಲೆ ನನ್ನ ಕೈ ನೋಡಿದರು. "ಎಲ್ರಿಗೂ ತುರಿಸ್ತಿದೆ. ಇವರಿಗೊಬ್ರಿಗೆ ಇಲ್ಲ. ಎಣ್ಣೆ ಹಚ್ಕಂಡಿದ್ದಾರೆ."

ಕೆಸು ತಿಂದೇ ಬೆಳೆದ ಕೆರೆಕಟ್ಟೆಯವರ ಮುಂದೆ ಕೆಸಿನ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ. ಡಬ್ಬ ತಂದು ಮುಚ್ಚಳ ತೆಗೆದು ನಡುವೆ ಇಟ್ಟೆ. ಸಾಹೇಬರು ಬಗ್ಗಿ ನೋಡಿದರು.

"ಮೆಷಿನ್ನಲ್ಲಿ ಹೆಚ್ಚಿದ್ರಾ?"

"ಹೂಂ."

"ಭಾರೀ ಸಣ್ಣಗೆ ಬಂದಿದೆಯಲ್ಲ!" ಎಂದುಬಿಟ್ಟರು. ಆಮೇಲೆ ತಮ್ಮ ಮಾತಿಗೆ ತಾವೇ ನಾಚಿ ವನಜನ ಕಡೆ ತಿರುಗಿ, "ತಪ್ಪಾಯ್ತಮ್ಮ" ಎಂದರು. ಅದು ನಾನು ಮೊದಲು ಹೇಳಬೇಕಾಗಿದ್ದ ಮಾತು. ಹೇಳಿದೆ, ಎರಡನೆಯವಳಾಗಿ. ವನಜ ಬೈಯಲಿಲ್ಲ. "ನನ್ನ ಮುಖ ನೋಡ್ತಾ ಕೂತಿದ್ರಲ್ಲ ಚಿನ್ನಕ್ಕ" ಎಂದಳು, ಅಷ್ಟೆ. ಬೈದಿದ್ದರೆ ಉತ್ತರ ಕೊಡುವ ಅಭ್ಯಾಸ ನನಗಿತ್ತು. ಈಗ ಹುಣಸೆನೀರನ್ನು ಅವಳ ಹತ್ತಿರಕ್ಕೆ ಇನ್ನಷ್ಟು ಸರಿಸಿದೆ.

ಕಾಗದ ಸಂಜೆಗೆ ಕೂಡಿತು, ಒಂದು ಎಳೆ ಬಿಟ್ಟು. ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲಿನ ನಡುವೆ ಒಂದೊಂದು ಅಕ್ಷರ ಇಲ್ಲ. ಬೆಂಚು ಸರಿಸಿ ಹುಡುಕಿದರೂ ಸಿಗಲಿಲ್ಲ. "ನಾಳೆ ಬರ್ತೀನಿ" ಎಂದು ದೇವಯ್ಯ ಕೊನೆಯ ಬಸ್ಸಿಗೆ ಓಡಿದರು.

ಮನೆಗೆ ಬಂದು, ಹೆಚ್ಚಿದ ಸೊಪ್ಪನ್ನು ಬಿಸಾಡುವ ಮನಸ್ಸಾಗದೆ ಪತ್ರೊಡೆ ಮಾಡಿದೆ. ನಾಚಿಕೆಯಾದವರಿಗೆ ಹಸಿವಾಗುವುದಿಲ್ಲ ಎನ್ನುವುದು ಸುಳ್ಳು. ಮೊದಲ ತುಂಡು ಬಾಯಿಗಿಟ್ಟೆ. ಏನೋ ನಾರು ಹಲ್ಲಿಗೆ ಸಿಕ್ಕಿತು. ಎಳೆದೆ. ಉದ್ದಕ್ಕೆ ಬಂತು, ಅಕ್ಷರದ ಸಮೇತ. ಒಲೆ ಎದುರಿಗೇ ಉರಿಯುತ್ತಿತ್ತು, ನೋಡುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಒಲೆ ನೋಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಅದನ್ನು ತೊಳೆದು, ಎರಡು ಬಟ್ಟೆಯ ನಡುವೆ ಒಣಗಿಸಿ, ಬೆಳಿಗ್ಗೆ ಯಾರೂ ಕೇಳುವ ಮೊದಲೇ ವನಜನ ಮೇಜಿನ ಮೇಲಿಟ್ಟು, ಎಲ್ಲಿ ಸಿಕ್ಕಿತು ಎಂದೂ ಹೇಳಿದೆ. ಅವಳು ತುಟಿ ಕಚ್ಚಿಕೊಂಡಳು, ತಡೆಯಲಾಗದೆ ನಕ್ಕಳು. ದೇವಯ್ಯ ಅಂಟಿಸಿದ ರಟ್ಟನ್ನು ತಿರುಗಿಸಿ ನೋಡಿ, "ಮುಂಚೆ ಮಡಚಿದಲ್ಲೆಲ್ಲ ಹರೀತಿತ್ತು. ಈಗ ಗಟ್ಟಿ ಆಯ್ತು" ಎಂದರು. "ಒಗ್ಗರಣೆ ವಾಸನೆ ಮಾತ್ರ ಹೋಗದು ಕಷ್ಟ." ನಾನು ತಂದ ಪತ್ರೊಡೆಯನ್ನು ಮೂವರೂ ತಿಂದರು, ಪ್ರತಿ ತುತ್ತನ್ನೂ ಬಿಡಿಸಿ ನೋಡಿಕೊಂಡು.

ಸಾಹೇಬರು ಈಗ ನನಗೆಂದು ಸೊಪ್ಪು ಹೆಚ್ಚುವ ಡಬ್ಬಿ ತರಿಸಿದ್ದಾರೆ, ದಾರ ಎಳೆದರೆ ಒಳಗೆ ಬ್ಲೇಡು ತಿರುಗುತ್ತದೆ. ಅದನ್ನು ನಾನು ಇನ್ನೂ ಮುಟ್ಟಿಲ್ಲ. ಆಫೀಸಿಗೆ ಬಂದವರು ಇದೇನು ಎಂದು ಕೇಳುತ್ತಾರೆ, ವನಜ ಕೆಲಸ ಬಿಟ್ಟು ಮೊದಲಿನಿಂದ ಕಥೆ ಹೇಳುತ್ತಾಳೆ.

ಇದನ್ನು ಟೈಪು ಮಾಡಿಕೊಟ್ಟವಳೂ ಅವಳೇ. ಓದಿ ನೋಡಿ, "ಹಳೇ ಮಸಿ ಬಣ್ಣ ಬಿಡ್ತದೆ ಅಂದಿದ್ದನ್ನ ಬಿಟ್ಟಿದೀರಲ್ಲ ಚಿನ್ನಕ್ಕ?" ಎಂದಳು. ನಿಜ, ಬಿಟ್ಟಿದ್ದೆ. ಬರೆದು ಸೇರಿಸಿದೆ. ಟೈಪಾದ ಮೇಲೆ ನಾನು ಹದಿನೈದು ದಿನ ಕೂತು ಬರೆದ ಹಾಳೆಗಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದಳು: "ಇದನ್ನೆಂತ ಮಾಡದು? ಮೆಷಿನ್ನಿಗೆ ಹಾಕ್ಲಾ?" ನೋಡಿದೆ. ಎಣ್ಣೆಯ ಕಲೆ, ಮೂಲೆ ಮುದುರಿ, ಒಂದರ ಮೇಲೊಂದು ಹತ್ತಿದ ಅಕ್ಷರ. ಆ ಮೇಜಿನ ಮೇಲಿದ್ದ ಕಾಗದಗಳಲ್ಲೆಲ್ಲ ಅದೇ ಹಾಳಾದದ್ದಾಗಿತ್ತು. ಕಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡೆ.