ಚಿತ್ರದಿಂದ ಹುಟ್ಟಿದ ಕಂಪೈಲರ್

ಕಂಪೈಲರನ್ನು ಕೈಯಿಂದ ಬರೆಯುವುದು ಹಳೆಯ ಕಾಲದವರ ಕೆಲಸ ಎಂದು ಕಾಲೇಜಿನಲ್ಲಿ ಎದೆಯುಬ್ಬಿಸಿ ಪಾಠ ಹೇಳುವವನು ನಾನು. ನಾನಾದರೋ ಚಿತ್ರ ಬರೆಯುತ್ತೇನೆ! ಒಂದು ಡಬ್ಬಿ, ಒಂದು ಬಾಣ, ಇನ್ನೊಂದು ಡಬ್ಬಿ. ಆ ಚಿತ್ರ ನೋಡಿ ಕಂಪ್ಯೂಟರೇ ಕೋಡ್ ಬರೆದುಕೊಳ್ಳುತ್ತದೆ. ಹಾಗೆ ಹುಟ್ಟಿದ ನನ್ನ ಕಂಪೈಲರ್, ನೀವು ಕೊಟ್ಟ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಅದರೊಳಗಿನ ದಂಡದ ಕೆಲಸವನ್ನೆಲ್ಲ ಕಿತ್ತುಹಾಕಿ, ಅದು ವೇಗವಾಗಿ ಓಡುವಂತೆ ಮಾಡುತ್ತದೆ. ಇಡೀ ಗೋವಾದಲ್ಲಿ ಇಂಥ ಸಾಹಸ ಮಾಡಿದವನು ನಾನೊಬ್ಬನೇ ಎಂಬುದು ನನ್ನ ನಮ್ರ ಅಭಿಪ್ರಾಯ.

ಇದನ್ನು ಪರೀಕ್ಷಾ ಸಮಿತಿಯ ಮುಂದೆ ಓಡಿಸಿ ತೋರಿಸಿದರೆ ಪಿಎಚ್‌ಡಿ ಕೈಗೆ ಬಂದಂತೆ. ಹೆಂಡತಿ ಶಾಂತಾ ಅಲ್ಲಿಯವರೆಗೆ ಕಾಯುವವಳಲ್ಲ. ಫಾತೋರ್ಡಾದ ನಮ್ಮ ಬಿಲ್ಡಿಂಗಿನಲ್ಲಿ "ನಮ್ಮನಿಯವ್ರು ಡಾಕ್ಟರ್ ಆಗಾಕತ್ತಾರ" ಎಂದು ಡಂಗುರ ಹೊಡೆದಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆ ನಾನು ಹೊರಡುವಾಗ ಪಕ್ಕದ ಮನೆಯ ರಜಿಯಾ ಆಪಾ ಬಾಗಿಲಿಗೇ ಬಂದರು.

"ಸರ, ಮೊಣಕಾಲು ಭಾಳ ನೋಯಾಕತ್ತೈತ್ರಿ. ಒಂದ್ ಗುಳಿಗಿ ಬರ್ಕೊಡ್ರಿ."

"ಸಂಜಿಕ ಬರ್ರಿ, ಆಪಾ" ಎಂದೆ. ಅಷ್ಟರೊಳಗೆ ಡಾಕ್ಟರ್ ಆಗಿರುತ್ತೇನಲ್ಲ!

ಸಮಿತಿಯಲ್ಲಿ ನನ್ನ ಗೈಡ್ ನಾಯಕ್ ಸರ್ ಇದ್ದರು, ಧಾರವಾಡದಿಂದ ಬಂದ ಪರೀಕ್ಷಕಿ ದೇಸಾಯಿ ಮೇಡಂ ಇದ್ದರು. ಮೇಡಂ ಒಂದು ದೊಡ್ಡ ಲೆಕ್ಕದ ಪ್ರೋಗ್ರಾಮ್ ಕೊಟ್ಟರು. ಬೇರೆ ಕಂಪೈಲರಿನಲ್ಲಿ ಅದು ಮುಗಿಯುವಷ್ಟರಲ್ಲಿ ಎಲ್ಲರೂ ಚಹಾ ಕುಡಿದು ಬಂದಿದ್ದರು. ನನ್ನದರಲ್ಲಿ ಹಾಕಿದೆ. ಎಂಟರ್ ಒತ್ತಿದೆ. ಮುಗಿದೇಹೋಯಿತು!

ನಾಯಕ್ ಸರ್ ಚಪ್ಪಾಳೆ ತಟ್ಟಿದರು.

"ಉತ್ತರ ಎಲ್ಲೈತ್ರಿ?" ಎಂದರು ಮೇಡಂ.

ಪರದೆ ಖಾಲಿ.

"ವೇಗ ನೋಡ್ರಿ, ಮೇಡಂ!"

"ನೋಡಿದ್ನಲ್ರಿ. ಉತ್ತರ?"

ನನ್ನ ಕಂಪೈಲರ್ ತಿರುಗಿಸಿಕೊಟ್ಟ ಪ್ರೋಗ್ರಾಮನ್ನು ತೆರೆದು ನೋಡಿದರೆ ಅದರಲ್ಲಿ ಉಳಿದದ್ದು ಶುರು ಮತ್ತು ಮುಕ್ತಾಯ. ನಡುವೆ ಬರೀ ಬಯಲು! ಯಾರಿಗೂ ಬೇಡವಾದ ಲೆಕ್ಕವನ್ನು ಅಳಿಸಬೇಕೆಂದು ಚಿತ್ರದಲ್ಲಿ ನಿಯಮ ಹಾಕಿದ್ದೆ. ಆದರೆ ಉತ್ತರ ಪರದೆಗೆ ಹೋಗಬೇಕೆಂದು ತೋರಿಸುವ ಬಾಣವನ್ನು ಮರೆತಿದ್ದೆ. ಉತ್ತರ ಯಾರಿಗೂ ಬೇಡವೆಂದುಕೊಂಡ ಕಂಪೈಲರ್ ಅದನ್ನೂ, ಅದಕ್ಕಾಗಿ ಮಾಡಿದ ಲೆಕ್ಕವನ್ನೂ ಗುಡಿಸಿಹಾಕಿತ್ತು. ಹೇಳಿದ ಮಾತನ್ನು ಇಷ್ಟು ಚೆನ್ನಾಗಿ ಕೇಳುವವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ. ನನಗೆ ಹೆಮ್ಮೆಯೇ ಆಯಿತು.

"ಚಿತ್ರದ ಪದ್ಧತಿ ಲಾಭನ ಇದು, ಮೇಡಂ. ಒಂದ್ ಬಾಣ ಎಳದ್ರ ಇಡೀ ಕಂಪೈಲರ್ ಸುಧಾರಿಸ್ತೈತ್ರಿ" ಎಂದು ಅಲ್ಲಿಯೇ ಬಾಣ ಎಳೆದೆ. ಕೊನೆಯ ಉತ್ತರದ ಡಬ್ಬಿಯಿಂದ ಎಳೆಯಬೇಕಾದದ್ದನ್ನು ಅವಸರದಲ್ಲಿ ಎಲ್ಲ ಲೆಕ್ಕಗಳ ಡಬ್ಬಿಯಿಂದ ಎಳೆದುಬಿಟ್ಟೆ. ಈಗ ಕೂಡಿಸಿದ್ದು, ಗುಣಿಸಿದ್ದು ಎಲ್ಲವೂ ಪರದೆಗೆ ಬರತೊಡಗಿತು. ಸಮಿತಿ ಊಟಕ್ಕೆ ಹೋಗಿ ಬಂತು. ಅಂಕಿಗಳು ಇನ್ನೂ ಸುರಿಯುತ್ತಲೇ ಇದ್ದವು.

"ಕಿತೆಂ ರೇ ಹೆಂ?" ಎಂದರು ನಾಯಕ್ ಸರ್. 'ಏನೋ ಇದು' ಎಂದು ಕೇಳಲು ಅವರು ಕೊಂಕಣಿಗೆ ಇಳಿದರೆಂದರೆ ಪರಿಸ್ಥಿತಿ ಗಂಭೀರ.

"ಈ ಸಲ ಏನೂ ಅಳಿಸಿಲ್ಲ, ಸರ್!" ಎಂದೆ.

ಮೇಡಂ ಕನ್ನಡಕ ತೆಗೆದಿಟ್ಟರು. "ಮುಂದಿನ ವರ್ಷ ಬರ್ರಿ" ಎಂದರು.

ಮನೆಗೆ ಬಂದರೆ ಬಾಗಿಲಲ್ಲೇ ಶಾಂತಾ.

"ಏನಾತ್ರೀ?"

"ಇಷ್ಟ್ ವೇಗದ ಕಂಪೈಲರ್ ಯಾರೂ ನೋಡಿಲ್ಲಂತ ತಿಳಕೊ. ಎಲ್ಲಾ ಒಂದ ಏಟಿಗೆ ಅಳಿಸಿಬಿಡ್ತು!"

"ಹೌದಾ! ಮತ್ತ ಡಾಕ್ಟರ್ ಪದವಿ?"

"ಅದನ್ನ ಎಲ್ಲಾದ್ಕಿಂತ ಮೊದಲ ಅಳಿಸ್ತು."