ಎದುರಿನ ಪುಸ್ತಕದಂಗಡಿ ಮತ್ತು ನನ್ನ ಚಪ್ಪಲಿ ಬೋರ್ಡು

ಒಂದು ಒಗಟು ಹೇಳ್ತೇನೆ, ಬಿಡಿಸಿ. ನಮ್ಮ ಅಂಗಡಿಯಲ್ಲಿದ್ದರೆ ಸೌದೆ ಮುಚ್ಚಲಿಕ್ಕೆ ಹೋಗುತ್ತದೆ, ಎದುರಿನ ಅಂಗಡಿಗೆ ಹೋದರೆ ಗೋಡೆ ಹತ್ತಿ ಕೂರುತ್ತದೆ. ಏನದು?

ತಲೆ ಕೆರೆದುಕೊಳ್ಳಬೇಡಿ, ಸಿಗಲಿಕ್ಕಿಲ್ಲ. ಮೂಡುಬಿದಿರೆಯಲ್ಲಿ ನನ್ನ ಮಾವನ ಫ್ಲೆಕ್ಸ್ ಅಂಗಡಿಯಲ್ಲಿ ಕೂತವನಿಗೆ ಮಾತ್ರ ಗೊತ್ತಾಗುವ ಒಗಟು ಅದು. ಕೂತವನು ನಾನು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವ. ಪಿಯುಸಿಯೇ ನನ್ನನ್ನು ಬಿಟ್ಟದ್ದು ಎಂದು ಮಾವ ಹೇಳುವುದು. ರಸ್ತೆಯ ಆಚೆ ಕಾಲೇಜಿನ ಮಕ್ಕಳು ಸೇರಿ ಪುಸ್ತಕದಂಗಡಿ ತೆರೆದ ಮೇಲೆ ನನಗೆ ಒಂದಲ್ಲ ಒಂದು ಹೀಗೇ ಆಗುತ್ತಾ ಉಂಟು.

ಅಕ್ಷರದ ಮೂಗು

ಅಲ್ಲಿರುವುದೆಲ್ಲ ಅಕ್ಷರ ಹೇಗೆ ಬರೆಯುವುದು, ಪೋಸ್ಟರು ಹೇಗೆ ಮಾಡುವುದು ಅಂಥ ಪುಸ್ತಕಗಳು. ಕೊಳ್ಳಬೇಕೆಂದಿಲ್ಲ. ಚಾಪೆಯಲ್ಲಿ ಕೂತು ಓದಬಹುದು, ಚಿತ್ರ ಬಿಡಿಸಬಹುದು, ಚಾ ಸಹ ಕೊಡ್ತಾರೆ. ಬಾಗಿಲಲ್ಲಿ ‘ಎಲ್ಲರ ಜಾಗ’ ಎಂದು ಬರೆದಿದ್ದಾರೆ. ನಡೆಸುವ ಡಿಸೈನ್ ವಿದ್ಯಾರ್ಥಿಗಳ ಪೈಕಿ ದೊಡ್ಡವಳನ್ನು ಎಲ್ಲರೂ ಅಕ್ಕ ಎನ್ನುವುದು.

ತೋಡಾರಿನ ನನ್ನ ಗೆಳೆಯ ಒಂದನೇ ಕ್ಲಾಸಿನಿಂದ ನನ್ನ ಎಲ್ಲ ಕಿತಾಪತಿಗಳಲ್ಲಿ ಅರ್ಧ ಪಾಲುದಾರ. ಸಂಜೆಯಾದರೆ ಅಂಗಡಿ ಮುಂದಿನ ಮೋರಿಯ ಮೇಲೆ ನಾವಿಬ್ಬರು. ಒಂದು ದಿನ ಸುಮ್ಮನೆ ನೋಡಿ ಬರ್ತೇನೆ ಎಂದು ಎದುರು ಹೋದವ ಅಲ್ಲಿಯವನೇ ಆಗಿಬಿಟ್ಟ. ಯಾವಾಗಲೋ ಒಮ್ಮೆ ಬಂದು ನಾನು ಬರೆದ ಬ್ಯಾನರ್ ನೋಡಿ ಮುಖ ಸೊಟ್ಟ ಮಾಡಿದ.

“ನಿನ್ನ ಅಕ್ಷರಗಳಿಗೆ ಉಸಿರಾಡಲಿಕ್ಕೆ ಜಾಗ ಇಲ್ಲ ಮಾರಾಯ.”

“ಅಕ್ಷರಕ್ಕೆ ಮೂಗು ಉಂಟಾ?”

ಅಕ್ಕನ ಹತ್ತಿರ ಕೇಳಿ ಬರ್ತೇನೆ ಎಂದು ಮತ್ತೆ ಒಳಗೆ ಹೋದ. ಅವತ್ತೇ ನಿಶ್ಚಯ ಮಾಡಿದೆ: ಆ ಅಂಗಡಿಗೆ ಬೀಗ ಬೀಳಬೇಕು, ಇವ ಮೋರಿಗೆ ವಾಪಸ್ ಬರಬೇಕು.

ಖಜಾಂಚಿಯ ಕಾಲು

ಪುತ್ತಿಗೆಯ ಯುವಕ ಮಂಡಲದ ಕಬಡ್ಡಿ ಪಂದ್ಯಾಟಕ್ಕೆ ಆ ಮಕ್ಕಳು ಪೋಸ್ಟರ್ ಮಾಡಿಕೊಟ್ಟರು. ಒಂದು ಗೆರೆ, ಗೆರೆ ದಾಟುವ ಒಂದು ಕಾಲು. ಉಳಿದದ್ದೆಲ್ಲ ಬಿಳಿ. ಕಾಲು ಬಿಡಿಸಿದವ ನನ್ನ ಗೆಳೆಯ. ನಮ್ಮಲ್ಲಿ ಕಬಡ್ಡಿ ಫ್ಲೆಕ್ಸ್ ಎಂದರೆ ಅಧ್ಯಕ್ಷರಿಂದ ಹಿಡಿದು ನೀರು ಕೊಡುವವನವರೆಗೆ ಕೈ ಮುಗಿದ ಮುಖಗಳು ಇರಲೇಬೇಕು. ಪ್ರಿಂಟ್ ಹಾಕಿಸಲಿಕ್ಕೆ ನಮ್ಮಲ್ಲಿಗೆ ಬಂದ ಅಧ್ಯಕ್ಷರು ಆ ಪೋಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, ಕಾಲು ಯಾರದ್ದೆಂದು ಕೇಳಿದರು.

ಖಜಾಂಚಿಯದ್ದೇ ಇರಬೇಕು ಎಂದೆ ನಾನು.

“ಅವನ ಕಾಲು ಹಾಕಿ ನನ್ನ ಮುಖ ಬಿಡುವುದಾ?”

ಸಂಜೆಯೊಳಗೆ ಬಿಳಿ ಇದ್ದಲ್ಲೆಲ್ಲ ಸಮಿತಿಯವರ ಮುಖ ತುಂಬಿಸಿಕೊಟ್ಟೆ. ಗೆಳೆಯ ನನ್ನೊಟ್ಟಿಗೆ ಮಾತು ಬಿಟ್ಟ. ಖಜಾಂಚಿಗೆ ಮಾತ್ರ ಭಾರೀ ಖುಷಿ. ಮುಖ ಹೇಗೂ ಉಂಟು, ಕಾಲೂ ಇರಲಿ ಎಂದರು.

ಬೆಳ್ತಂಗಡಿ ಬಸ್ಸು

ಆಮೇಲೆ ಬೇರೆ ಉಪಾಯ. ಬೆಳ್ತಂಗಡಿ ಬಸ್ಸು ಎಲ್ಲಿ ನಿಲ್ತದೆ ಎಂದು ಕೇಳಿದವರಿಗೆಲ್ಲ, ಎದುರಿನ ಅಂಗಡಿಯೊಳಗೆ ಕೂತುಕೊಳ್ಳಿ, ಬಸ್ಸಿನವರು ಹಾರನ್ ಹಾಕಿ ಕರೀತಾರೆ ಎಂದು ಹೇಳಲಿಕ್ಕೆ ಶುರುಮಾಡಿದೆ. ಮೊದಲು ಸಿಕ್ಕಿದ್ದು ಹಲಸಿನಹಣ್ಣು ಹೊತ್ತ ವೇಣೂರಿನ ಅಜ್ಜಿ. ಬಸ್ಸು ತಪ್ಪಿದರೆ ಅಜ್ಜಿ ಆ ಮಕ್ಕಳ ಏಳು ತಲೆಮಾರು ಜಾಲಾಡುತ್ತಾರೆ ಎಂದು ಮೋರಿಯ ಮೇಲೆ ಕಾದು ಕೂತೆ.

ಬಸ್ಸು ತಪ್ಪಿತು. ಅಜ್ಜಿಗೆ ಕುರ್ಚಿ ಬಂತು, ಚಾ ಬಂತು. ಬಣ್ಣದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಪುಟ ತಿರುಗಿಸಿದರು. ಕೊನೆಗೆ ಹಣ್ಣು ಕೊಯ್ದು ಎಲ್ಲರಿಗೂ ಹಂಚಿದರು. ನನ್ನ ಗೆಳೆಯ ಕಿಟಕಿಯ ಹತ್ತಿರ ನಿಂತು, ನನಗೆ ಕಾಣುವ ಹಾಗೆ ತಿಂದ. ಮುಂದಿನ ವಾರ ಅಜ್ಜಿ ನೆರೆಕರೆಯವರನ್ನೂ ಕರಕೊಂಡು ಬಂದರು. ‘ಎಲ್ಲರ ಜಾಗ’ ಎಂದು ಬರೆದದ್ದು ಅವರು. ಎಲ್ಲರನ್ನೂ ಕಳಿಸಿದ್ದು ನಾನು.

ಎಲೆ ಹಾಕಿ ಆಯ್ತಾ

ಚಪ್ಪಲಿ ಹೊರಗಿಡಿ ಎಂದು ಆ ಅಂಗಡಿಯ ಬಾಗಿಲಲ್ಲೊಂದು ಚೀಟಿ ಉಂಟು. ಇರುವೆಯ ಕಾಲಿನಷ್ಟು ಸಪೂರ ಅಕ್ಷರ, ಯಾರಿಗೂ ಕಾಣುವುದಿಲ್ಲ. ಹಾಗಾಗಿ ಹಾಳಾದ ಫ್ಲೆಕ್ಸಿನ ಹಿಂಬದಿಗೆ ಬ್ರಶ್ಶಿನಲ್ಲಿ ನಾನೇ ಒಂದು ಬೋರ್ಡು ಬರೆದೆ: ‘ಚಪ್ಪಲಿ ಹಾಕಿ ಒಳಗೆ ಬಂದರೆ ಚಪ್ಪಲಿ ನಾಯಿಗೆ.’ ಹಳದಿ ದಪ್ಪ ಅಕ್ಷರ, ಅದಕ್ಕೆ ಕೆಂಪು ನೆರಳು, ಪಕ್ಕದಲ್ಲಿ ಚಪ್ಪಲಿ ಕಚ್ಚಿದ ನಾಯಿ. ಅವರು ಬರುವ ಮೊದಲೇ ಹೋಗಿ ಕಟ್ಟಿದೆ. ಓದಿದವರು ಸಿಟ್ಟಾಗಿ ಹಿಂದೆ ಹೋಗಬೇಕು, ಅದು ನನ್ನ ಲೆಕ್ಕ.

ಒಬ್ಬನೂ ಹಿಂದೆ ಹೋಗಲಿಲ್ಲ. ನಗಾಡಿಕೊಂಡು ಚಪ್ಪಲಿ ಬಿಟ್ಟರು. ಮಧ್ಯಾಹ್ನಕ್ಕೆ ಬಾಗಿಲಲ್ಲಿ ಚಪ್ಪಲಿಯ ರಾಶಿ. ನಮ್ಮ ಊರಿನಲ್ಲಿ ಬಾಗಿಲಲ್ಲಿ ಅಷ್ಟು ಚಪ್ಪಲಿ ಉಂಟೆಂದರೆ ಒಳಗೆ ಏನೋ ಕಾರ್ಯಕ್ರಮ, ಕಾರ್ಯಕ್ರಮ ಎಂದರೆ ಊಟ. ಬಂಟ್ವಾಳದ ಬಸ್ಸು ಇಳಿದ ಇಬ್ಬರು ಹಿರಿಯರು ನಮ್ಮ ನಳ್ಳಿಯಲ್ಲೇ ಕೈಕಾಲು ತೊಳೆದು ಒಳಗೆ ಹೋಗಿ, “ಎಲೆ ಹಾಕಿ ಆಯ್ತಾ?” ಎಂದು ಕೇಳಿದರು. ಅಕ್ಕ ಹೋಟೆಲಿನಿಂದ ಗೋಳಿಬಜೆ ತರಿಸಿದಳು. ಹಿರಿಯರು ತಿಂದು, ಯಾರ ಮದುವೆ ಎಂದೂ ಕೇಳದೆ, ಮದುಮಕ್ಕಳಿಗೆ ಒಳ್ಳೆಯದಾಗಲಿ ಎಂದು ಹರಸಿ ಹೋದರು.

ಮರುದಿನ ಬೋರ್ಡು ಬಾಗಿಲಲ್ಲಿ ಇರಲಿಲ್ಲ. ಬಿಸಾಡಿದರು ಎಂದು ಸಮಾಧಾನ ಮಾಡಿಕೊಂಡು ಇಣುಕಿದರೆ, ಒಳಗೆ ಬಾಗಿಲಿಗೆ ಎದುರಿನ ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗಿಸಿದ್ದಾರೆ. ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ತಾರೆ. ನಮ್ಮಲ್ಲಿ ಸೌದೆ ಮುಚ್ಚಬೇಕಾದ ಫ್ಲೆಕ್ಸು ಅದು. ಅದು ಫ್ಯಾನಿನ ಅಡಿಯಲ್ಲಿ, ನಾನು ಮೋರಿಯಲ್ಲಿ. ನಾನೇ ಬರೆದ ಬೋರ್ಡಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಕೊನೆಗೆ ಸೋತದ್ದು

ಕೊನೆಗೆ ಆ ಮಕ್ಕಳೆಲ್ಲ ಸಾಲಾಗಿ ನಮ್ಮ ಅಂಗಡಿಗೆ ಬಂದರು. ಸರ್, ನಮಗೆ ಅಕ್ಷರ ಬರೆಯಲಿಕ್ಕೆ ಕಲಿಸಿ ಎಂದು ಅಕ್ಕನೇ ಕೈ ಮುಗಿದಳು. ನಾನು ಫ್ಲೆಕ್ಸಿನ ರೋಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಪುರುಸೊತ್ತಿಲ್ಲ ಎಂದೆ. ಗೆಳೆಯ ಕಣ್ಣು ಒರೆಸಿಕೊಂಡು ಮೋರಿಗೆ ವಾಪಸ್ ಬಂದ. ಅಂಗಡಿಗೆ ಬೀಗ ಬಿತ್ತು.

ಇಷ್ಟೂ ನಾನು ಕಟ್ಟಿದ್ದು. ಕೊನೆ ಚೆಂದ ಇರಲಿ ಎಂದು. ನಿಜವಾಗಿ ಆದದ್ದೆಂದರೆ, ಅಕ್ಕ ಬಾಗಿಲಿಂದ ತಲೆ ಹೊರಗೆ ಹಾಕಿ, “ಬೋರ್ಡು ಬರೆದದ್ದು ನೀನಲ್ಲವಾ? ಒಳಗೆ ಬಾ” ಎಂದಳು. ಪೂರ್ತಿ ಹೇಳಿ ಮುಗಿಸುವ ಮೊದಲೇ ನಾನು ರಸ್ತೆ ದಾಟಿ ಚಾಪೆಯ ಮೇಲೆ ನಿಂತಾಗಿತ್ತು. ಗೆಳೆಯ ಎದ್ದು ಬಂದ. ಗೋಡೆಯ ಮೇಲಿನ ನನ್ನ ಬೋರ್ಡು ತೋರಿಸಿದ, ಆಮೇಲೆ ನನ್ನ ಕಾಲು ತೋರಿಸಿದ.

ಎಡಗಾಲಿನ ಚಪ್ಪಲಿ ಈಗಲೂ ನಾಯಿಯ ಹತ್ತಿರವೇ ಉಂಟು.