ನನ್ನ ಹೆಸರಿನ ತೊಟ್ಟಿಲು

ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿಲ್ಲದ ಹೆಂಗಸಿಗೆ ಬೇಸರವಾಗಲು ನಮ್ಮ ಕಡೆಯವರು ಅವಕಾಶವನ್ನೇ ಕೊಡುವುದಿಲ್ಲ. ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ವಿಚಾರಿಸಿಕೊಳ್ಳುತ್ತಲೇ ಇರುತ್ತಾರೆ. ಅರವತ್ತರ ದಶಕದಲ್ಲಿ ನಾನು ಉಡುಪಿಯಲ್ಲಿ ಕಾಲೇಜು ಅಧ್ಯಾಪಕಿ, ಮನೆ ಮಣಿಪಾಲದಲ್ಲಿ. ಮಕ್ಕಳು ಬೇಡವೆಂದು ನಾನೂ ಗಂಡನೂ ನಿಶ್ಚಯಿಸಿದ್ದೆವು. ಹಾಗೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ‘ಆಗಲಿಲ್ಲ’ ಎಂದರೆ ತಕ್ಷಣ ನಂಬುತ್ತಿದ್ದರು.

ಆಕಾಶದಲ್ಲಿ ಉಂಟು

ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿದ್ದಳು. ನಾಲ್ಕು ಹೆಣ್ಣುಮಕ್ಕಳ ತಾಯಿ. ತಾಯಿಯಾಗದೆ ಹೆಣ್ಣಿನ ಜನ್ಮ ಪೂರ್ತಿಯಾಗದು ಎಂಬುದು ಅವಳ ಅಭಿಪ್ರಾಯ. ಅದನ್ನು ಅವಳು ಒಂದು ಮಗುವನ್ನು ಸೊಂಟದಲ್ಲಿಟ್ಟು, ಇನ್ನೊಂದರ ಮೂಗು ಒರೆಸುತ್ತಾ, ಮತ್ತೊಂದಕ್ಕೆ ಬೈಯುತ್ತಾ ಹೇಳುತ್ತಿದ್ದಳು.

“ನಿನ್ನ ನಕ್ಷತ್ರ ಎಂತ?” ಎಂದು ಒಮ್ಮೆ ಕೇಳಿದಳು.

“ಎಂತಕ್ಕೆ?”

“ಮಗುವಿಗಾಗಿ ಹರಕೆ ಹೇಳಲಿಕ್ಕೆ. ಭಟ್ರು ಹೆಸರೂ ಕೇಳುತ್ತಾರೆ, ನಕ್ಷತ್ರವೂ ಕೇಳುತ್ತಾರೆ.”

“ಆಕಾಶದಲ್ಲಿ ಉಂಟು. ಹೋಗಿ ನೋಡು.”

“ಎಂ.ಎ. ಮಾಡಿದರೆ ಹೀಗೇ ಆಗುವುದು” ಎಂದು ಹೇಳಿ, ನಾಲ್ಕನೆಯದು ಎಲ್ಲಿ ಹೋಯಿತೆಂದು ಹುಡುಕಲು ಹೊರಟಳು.

ಹತ್ತರಿಂದ ನಾಲ್ಕೂವರೆ

ಇನ್ನೊಬ್ಬ ಗೆಳತಿ ಕಾಪುವಿನ ಕೊಂಕಣಿ ಕ್ರಿಶ್ಚಿಯನ್. ಮದುವೆಯಾಗಿರಲಿಲ್ಲ, ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ದಾರಿಯಲ್ಲಿ ಸಿಕ್ಕಿದ ಮಕ್ಕಳೆಲ್ಲ ಓಡಿ ಬಂದು ಅವಳ ಕೈ ಹಿಡಿಯುತ್ತಿದ್ದರು. ಇದನ್ನು ನೋಡಿ ಕಾರ್ಕಳದವಳಿಗೆ ಕರುಳು ಚುರುಕ್ಕೆಂದಿತು.

“ಮಕ್ಕಳೆಂದರೆ ನಿನಗೆ ಇಷ್ಟು ಪ್ರೀತಿ. ಒಂದು ಮದುವೆ ಆಗಬಾರದಾ?”

“ಪ್ರೀತಿ ಉಂಟು ಮಾರಾಯ್ತಿ. ಹತ್ತು ಗಂಟೆಯಿಂದ ನಾಲ್ಕೂವರೆ ತನಕ ಉಂಟು. ಭಾನುವಾರ ಇಲ್ಲ.”

“ಮಗುವಿಗೆ ಜ್ವರ ಬಂದರೆ?”

“ಮನೆಗೆ ಕಳುಹಿಸುತ್ತೇನೆ.”

ನಮ್ಮ ಮೂವರಲ್ಲಿ ಮಕ್ಕಳ ಬಗ್ಗೆ ಒಂದು ಕೆಟ್ಟ ಮಾತೂ ಆಡದವಳು ಅವಳೊಬ್ಬಳೇ.

ಪ್ರಯೋಗ

ವಾದದಿಂದ ನಾನು ಬಗ್ಗುವುದಿಲ್ಲವೆಂದು ಗೊತ್ತಾದ ಮೇಲೆ ಕಾರ್ಕಳದವಳು ಎರಡು ವರ್ಷದ ಕೊನೆಯ ಮಗಳನ್ನು ತಂದು ನನ್ನ ಮನೆಯಲ್ಲಿ ಬಿಟ್ಟಳು. “ಒಂದು ವಾರ ಇರಲಿ. ನಿನ್ನ ಮನಸ್ಸು ತಾನಾಗಿ ಬದಲಾಗುತ್ತದೆ.”

ಮಗು ಎತ್ತಿಕೊಂಡು ನಡೆದರೆ ಮಾತ್ರ ನಿದ್ದೆ ಮಾಡುತ್ತಿತ್ತು. ನಾನೂ ಗಂಡನೂ ಸರದಿಯಲ್ಲಿ ನಡೆದೆವು. ಮೇಜಿನ ಮೇಲಿದ್ದ ಉತ್ತರ ಪತ್ರಿಕೆಗಳ ಮೇಲೆ ಅದು ಗಂಜಿ ಚೆಲ್ಲಿತು. ಕೆಲವು ಉತ್ತರಗಳು ಅದರಿಂದ ಸುಧಾರಿಸಿದವು.

ವಾರ ಕಳೆದು ತಾಯಿ ಬಂದಳು. ಅವಳ ಮುಖ ತುಂಬಿಕೊಂಡಿತ್ತು, ತಲೆ ಬಾಚಿಕೊಂಡಿದ್ದಳು.

“ಎಂತ, ಮನಸ್ಸು ಬದಲಾಯಿತಾ?”

“ಇಲ್ಲ.”

“ನನ್ನದು ಬದಲಾಯಿತು ಮಾರಾಯ್ತಿ. ನಾಲ್ಕು ಸಾಕು ಎಂದು ಇವರಿಗೆ ಹೇಳಿಬಿಟ್ಟೆ. ಜೂನ್‌ನಲ್ಲಿ ಉಡುಪಿಯ ಟೀಚರ್ ಟ್ರೈನಿಂಗಿಗೆ ಸೇರುತ್ತೇನೆ. ಅತ್ತೆ ಗಂಡು ಬೇಕೆಂದರೆ ಅವರೇ ಹೆರಲಿ.” ಮಗುವನ್ನು ಸೊಂಟಕ್ಕೇರಿಸಿ ಮೆಟ್ಟಿಲಿಳಿದವಳು ತಿರುಗಿ ನಿಂತಳು. “ರಜೆಯಲ್ಲಿ ಉಳಿದ ಮೂವರನ್ನೂ ಕಳುಹಿಸಲಾ?”

ಯಾರ ಹರಕೆ?

ಎರಡು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಕಾಪುವಿನವಳೂ ನಮ್ಮಲ್ಲೇ ಇದ್ದಳು. ಕಾಫಿ ತಂದಿಟ್ಟರೆ ಕಾರ್ಕಳದವಳು ವಾಸನೆಗೇ ಮೂಗು ಮುಚ್ಚಿಕೊಂಡಳು. ನಮಗೆ ಅರ್ಥವಾಯಿತು.

“ಟ್ರೈನಿಂಗ್?” ಎಂದೆ.

“ಎಂತ ಟ್ರೈನಿಂಗ್! ಎಲ್ಲ ನಿನ್ನಿಂದ.”

“ನನ್ನಿಂದಲಾ?”

ಮಗುವನ್ನು ನನ್ನಲ್ಲಿ ಬಿಟ್ಟ ದಿನ ಅವಳು ಸೀದಾ ದೇವಸ್ಥಾನಕ್ಕೆ ಹೋಗಿದ್ದಳಂತೆ. ನನಗೊಂದು ಮಗುವಾದರೆ ಬೆಳ್ಳಿಯ ತೊಟ್ಟಿಲು ಒಪ್ಪಿಸುವುದಾಗಿ ಹರಕೆ. ಭಟ್ರು ಹೆಸರು ಕೇಳಿದರು, ನನ್ನದು ಹೇಳಿದಳು. ನಕ್ಷತ್ರ ಕೇಳಿದರು.

“ನೀನು ಹೇಳಿರಲಿಲ್ಲವಲ್ಲ! ಹಿಂದೆ ಜನ ಕಾಯುತ್ತಿದ್ದರು. ನನ್ನದೇ ಹೇಳಿಬಿಟ್ಟೆ.”

ಅವಳ ಕಣ್ಣಲ್ಲಿ ನೀರಿತ್ತು. ಹರಕೆಗೂ ಇದಕ್ಕೂ ಸಂಬಂಧವಿಲ್ಲ, ಸಂಬಂಧ ಇರುವುದು ನಿನ್ನ ಯಜಮಾನರಿಗೆ ಎಂದು ವಿವರಿಸಿದೆ. ಟ್ರೈನಿಂಗ್ ಒಂದು ವರ್ಷ ತಡವಾದರೂ ಆಗಿಯೇ ಆಗಬೇಕು, ಆಗ ಮಗುವನ್ನು ಹಗಲು ನನ್ನ ಮನೆಯಲ್ಲಿ ಬಿಡಬಹುದು, ನಾನು ಕಾಲೇಜಿನಲ್ಲಿರುವಾಗ ನೋಡಿಕೊಳ್ಳಲು ಒಬ್ಬಳನ್ನು ಗೊತ್ತುಮಾಡುತ್ತೇನೆ ಎಂದೂ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು.

“ಆಯಿತು. ತೊಟ್ಟಿಲು ಮಾತ್ರ ನೀನೇ ಒಪ್ಪಿಸಬೇಕು. ಹರಕೆ ನಿನ್ನ ಹೆಸರಿನದು.”

ಕಾಪುವಿನವಳು ಕಾಫಿ ಲೋಟ ಕೆಳಗಿಟ್ಟಳು.

“ಇವಳ ಕಾಟ ತಡೆಯಲಾರದೆ ನಾನೂ ನಮ್ಮ ಇಗರ್ಜಿಯಲ್ಲಿ ನಿನಗಾಗಿ ಮೇಣದ ಬತ್ತಿ ಹಚ್ಚಿದ್ದೆ.”

“ಅದಕ್ಕೇನು?”

“ಏನಿಲ್ಲ. ನಮ್ಮಲ್ಲಿ ನಕ್ಷತ್ರ ಕೇಳುವುದಿಲ್ಲ. ಹೆಸರು ಸಾಕು.”

ನಾನು ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಆ ತಿಂಗಳು ಗೋಡೆಯ ಕ್ಯಾಲೆಂಡರನ್ನು ನೋಡುವುದು ಸ್ವಲ್ಪ ಹೆಚ್ಚಾಯಿತು. ಕಾಫಿಯನ್ನು ಕುಡಿಯುವ ಮೊದಲು ಮೂಸಿ ನೋಡುತ್ತಿದ್ದೆ.